ಹೆಂಡತಿಯನ್ನು ಗೋಡೆಗೆ ಹತ್ತಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದ್ದರೆ ನನ್ನ ಮೀಸೆ ಉದುರಿ ನನ್ನದೇ ಸಾರಿನಲ್ಲಿ ಬೀಳಲಿ. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವು ಬೇಕು ಸ್ವಾಮಿ. ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡು ಬೆಂಗಳೂರಿನ ದಂಡು ಪ್ರದೇಶವನ್ನೆಲ್ಲ ಸುತ್ತಿ ಬಂದ ಮೇಲೆ ನನಗೆ ಆ ಕಸುವು ಮತ್ತೆ ಕೂಡಲೇ ಇಲ್ಲ. ಈಗಲೂ ಯಾರಾದರೂ "ಒಂದು ಫೋಟೋ ತೆಗೀರಿ" ಅಂದರೆ ನನಗೆ ಮೊದಲು ನೋಯುವುದು ಮೊಣಕಾಲು.

ಕ್ಯಾಮರಾ ಹಿಡಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನ್ನಂಥ ನಿಪುಣನಿಗೆ ತುಸು ಹೆಚ್ಚಾಗಿಯೇ ಆಗುತ್ತವೆ.

ಯುದ್ಧ ಮುಗಿದ ಹೊಸತು. ನಾನು ಮಾಲೂರಿನ ದವಸದ ಮಂಡಿಯಲ್ಲಿ ಗುಮಾಸ್ತ. ಒಂದು ದಿನ ಊರಿಗೆ ಮರಳುತ್ತಿದ್ದ ಬಿಳಿ ಸೋಲ್ಜರುಗಳ ರೈಲು ನಮ್ಮ ಸ್ಟೇಷನ್ನಿನಲ್ಲಿ ನಿಂತಿತು. ನನ್ನ ಕಂಕುಳಲ್ಲಿ ಮಾವಿನಹಣ್ಣಿನ ಬುಟ್ಟಿ. ಒಬ್ಬ ಸೋಲ್ಜರು ಕಿಟಕಿಯಿಂದ ಕೈ ಚಾಚಿ ಬುಟ್ಟಿ ಎಳೆದುಕೊಂಡ. ಇನ್ನೊಂದು ಕೈಯಿಂದ ಒಂದು ಕಪ್ಪು ಡಬ್ಬಿ ಕ್ಯಾಮರಾ ಕೊಟ್ಟ. ನಾನು ಇಂಗ್ಲಿಷಿನಲ್ಲಿ ಎಷ್ಟು ಗಂಭೀರವಾಗಿ ಚೌಕಾಸಿ ಮಾಡಿದೆನೆಂದರೆ, ಅವನು ಮರುಮಾತಾಡದೆ ಒಳಗೊಂದು ಹೊಸ ಫಿಲ್ಮಿನ ಸುರುಳಿಯನ್ನೂ ಹಾಕಿಕೊಟ್ಟ. ಇನ್ನೊಂದು ಸುರುಳಿ ಕೇಳುವಷ್ಟರಲ್ಲಿ ರೈಲು ಹೊರಟಿತು. ಆಗ ಫಿಲ್ಮು ಎಂದರೆ ಸೀಮೆಎಣ್ಣೆಗಿಂತ ಅಪರೂಪ. ಒಂದು ಸುರುಳಿಗೆ ಎಂಟೇ ಚಿತ್ರ.

ಕ್ಯಾಮರಾ ಮನೆಗೆ ಬಂದ ರಾತ್ರಿಯೇ ನನ್ನಾಕೆ ಹೇಳಿದಳು: "ನಿಮ್ಮ ಪಡಸಾಲೆ ಗೋಡೆ ಮೇಲೆ ನಿಮ್ಮಪ್ಪ ಇದ್ದಾರೆ, ನಿಮ್ಮಮ್ಮ ಇದ್ದಾರೆ, ಕೂಸಾಗಿದ್ದಾಗಿನ, ಅಂಗಿಯಿಲ್ಲದ ನೀವಿದ್ದೀರಿ. ಪಂದ್ಯ ಗೆದ್ದ ಎತ್ತೂ ಇದೆ. ನಾನಿಲ್ಲ. ಮದುವೆಯಾಗಿ ಬಂದು ಇಷ್ಟು ವರ್ಷವಾಯ್ತು. ಬಂದವರು ಗೋಡೆ ನೋಡಿ, 'ಇವರಿಗೆ ಸೊಸೆ ಬಂದಿಲ್ವಾ?' ಅಂತಾರೆ."

ನಮ್ಮ ಮದುವೆಯ ಕಾಲಕ್ಕೆ ಫೋಟೋದವನು ಸಿಕ್ಕಿರಲಿಲ್ಲ. ಆಮೇಲೆ ಅಮ್ಮ ಒಪ್ಪಲಿಲ್ಲ. ಆ ಗೋಡೆಗೆ ಅಮ್ಮನೇ ಯಜಮಾನಿ. ಮೊಳೆಯೂ ಸುತ್ತಿಗೆಯೂ ಅವಳ ಪೆಟ್ಟಿಗೆಯಲ್ಲೇ ಇರುತ್ತಿದ್ದವು. "ಗೋಡೆಗೆ ಹತ್ತಬೇಕಾದರೆ ಏನಾದರೂ ಸಾಧಿಸಿರಬೇಕು. ಎತ್ತು ಪಂದ್ಯ ಗೆದ್ದಿದೆ. ಇವಳೇನು ಗೆದ್ದಿದ್ದಾಳೆ?" ಎನ್ನುತ್ತಿದ್ದಳು. ನಾನೇನು ಗೆದ್ದಿದ್ದೇನೆಂದು ಕೇಳುವ ಧೈರ್ಯ ನನಗಿರಲಿಲ್ಲ.

"ನಾವಿಬ್ಬರೂ ಜೊತೆಗಿರೋ ಫೋಟೋ ಒಂದಾದರೆ ಸಾಕು," ಎಂದಳು ನನ್ನಾಕೆ. "ನೀವಿದ್ದೀರಿ ಅಂತಲಾದರೂ ಅತ್ತೆ ಮೊಳೆ ಕೊಟ್ಟಾರು."

ಹಲಸೂರಿನಲ್ಲಿ ಅವಳ ಅಕ್ಕನ ಮನೆಯಿತ್ತು. ನಾಲ್ಕು ದಿನ ರಜೆ ಹಾಕಿ ಹೊರಟೆವು. ಸ್ಟುಡಿಯೋಕ್ಕೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಸ್ವಂತ ಬಾವಿ ಇರುವವನು ಪಕ್ಕದ ಮನೆಗೆ ಬಿಂದಿಗೆ ಹಿಡಿದು ಹೋಗುತ್ತಾನೆಯೇ? ಎಂಟು ಚಿತ್ರದಲ್ಲಿ ಒಂದು ತಾನೇ? ನನ್ನ ಕೈಚಳಕಕ್ಕೆ ಅದೆಷ್ಟರ ಮಾತು!

ಡ್ರೈವರಿನ ಗಡ್ಡ

ರೈಲು ಕೃಷ್ಣರಾಜಪುರದಲ್ಲಿ ನಿಂತಿತು. ಕೈ ಪಳಗಿಸಿಕೊಳ್ಳೋಣ ಎಂದು ಇಳಿದು ಇಂಜಿನ್ನಿನ ಮುಂದೆ ಹೋದೆ. ಈ ಡಬ್ಬಿ ಕ್ಯಾಮರಾದ ಕ್ರಮವೇ ಬೇರೆ. ಕಣ್ಣಿಗಿಟ್ಟು ನೋಡುವಂತಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿರುವ ಪುಟ್ಟ ಗಾಜಿನೊಳಗೆ ಇಣುಕಿ, ಪಕ್ಕದ ಮೊಳೆಯಂಥದ್ದನ್ನು ಒತ್ತಬೇಕು. ನಾನು ಹಾಗೆ ತಲೆ ಬಗ್ಗಿಸಿ ನಿಂತದ್ದನ್ನು ಇಂಜಿನ್ ಡ್ರೈವರು ನೋಡಿದ. ದಪ್ಪ ಮೈಯ ಆಂಗ್ಲೋ-ಇಂಡಿಯನ್ ಮನುಷ್ಯ.

"ವೆಯ್ಟ್ ಮ್ಯಾನ್!" ಎಂದು ಕೂಗಿ ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಬಾಯ್ಲರಿನ ಬಿಸಿನೀರಿನಲ್ಲಿ ಗಡ್ಡ ಹೆರೆದುಕೊಂಡು ಬಂದಿದ್ದ. ಒಂದು ಕೆನ್ನೆ ಮಾತ್ರ ಆಗಿತ್ತು.

"ಆ ಕಡೆಯಿಂದ ತೆಗಿ," ಎಂದ.

ಹಸಿರು ಬಾವುಟ ಹಿಡಿದು ಸ್ಟೇಷನ್ ಮಾಸ್ತರರು ಬುಸುಗುಡುತ್ತಾ ಓಡಿ ಬಂದರು. "ಏನ್ರೀ ಇದು? ರೈಲು ಹೊರಡೋ ಹೊತ್ತು! ಯಾರ್ರೀ ನೀವು?"

"ಫೋಟೋ ಸ್ವಾಮಿ," ಎಂದೆ.

ಅವರ ಬುಸುಗುಡುವಿಕೆ ನಿಂತಿತು. "ಫೋಟೋನಾ?" ಎಂದು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ಕೋಟಿನ ಗುಂಡಿ ಹಾಕತೊಡಗಿದರು. ಎಲ್ಲ ಗುಂಡಿ ಹಾಕಿ, ಟೋಪಿ ಸರಿಮಾಡಿ, ಡ್ರೈವರನ್ನು ಮೊಣಕೈಯಿಂದ ಹಿಂದೆ ತಳ್ಳಿ ತಾವು ಮುಂದೆ ನಿಂತರು. ಡ್ರೈವರು ಮುನಿಸಿಕೊಂಡು, ತನ್ನದು ಬೇರೆಯೇ ಒಂದು ತೆಗೆದರೆ ಮಾತ್ರ ರೈಲು ಹೊರಡುತ್ತದೆ ಎಂದ. ಪ್ರಯಾಣಿಕರು ಕಿಟಕಿಗಳಿಂದ ಬೈಯುತ್ತಿದ್ದರು. ನಾನು ಬೈದವರಿಗೆ ಕೈ ಬೀಸಿ ಅದನ್ನೂ ತೆಗೆದೆ.

ಬೆವರೊರೆಸಿಕೊಂಡು ಬಂದು ನನ್ನಾಕೆಯ ಪಕ್ಕ ಕೂತೆ. "ಎರಡು ತೆಗೆದೆ. ನನ್ನ ಮಾತಿಗೆ ರೈಲೇ ನಿಂತಿತು, ನೋಡಿದೆಯಾ?"

ಅವಳು ಕಣ್ಣಿಗೆ ಬಿದ್ದ ಕಲ್ಲಿದ್ದಲ ಕಿಡಿ ಉಜ್ಜಿಕೊಳ್ಳುತ್ತಾ ಹೇಳಿದಳು: "ನೋಡಿದೆ. ಗೋಡೆ ಮೇಲೆ ಎತ್ತಿನ ಪಕ್ಕಕ್ಕೆ ಇಂಜಿನ್ ಬಂತು. ಇನ್ನು ನನಗೆ ಉಳಿದಿರೋದು ಅದರ ಹೊಗೆ."

ಕುದುರೆಗೆ ಬ್ಯಾಂಡು ಕೇಳಿಸಿತು

ದಂಡು ಸ್ಟೇಷನ್ನಿನ ಹೊರಗೆ ಹಲಸೂರಿಗೆಂದು ಒಂದು ಜಟಕಾ ಹಿಡಿದೆವು. ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ನನ್ನೊಳಗಿನ ಕಲಾವಿದ ಎಚ್ಚೆತ್ತ. ಜಟಕಾದೊಳಗೆ ದಂಪತಿ! ಹಿಂದೆ ಸ್ಟೇಷನ್ನಿನ ಕಮಾನು! ಜಟಕಾ ಸಾಬರ ಕೈಗೆ ಕ್ಯಾಮರಾ ಕೊಟ್ಟು, ಎಲ್ಲಿ ನಿಲ್ಲಬೇಕು, ಎಲ್ಲಿ ಒತ್ತಬೇಕು ಎಂದು ಹೇಳಿದೆ.

"ಒತ್ತೋದೇ ತಾನೇ ಸ್ವಾಮಿ? ಇದೇನು ಬಡಾ ಕೆಲಸ?" ಎಂದು ಸಾಬರು ಲಗಾಮು ಬಿಟ್ಟು ಇಳಿದು ಎದುರಿಗೆ ಹೋದರು.

ಅದೇ ಹೊತ್ತಿಗೆ ಬ್ಲ್ಯಾಕ್‌ಪಳ್ಳಿಯ ಕಡೆಯಿಂದ, ಎಂದರೆ ಈಗ ಶಿವಾಜಿನಗರ ಅನ್ನುತ್ತಾರಲ್ಲ ಆ ಕಡೆಯಿಂದ, ಮದುವೆಯ ಬ್ಯಾಂಡು ಕೇಳಿಸಿತು. ಕುದುರೆ ಕಿವಿ ನಿಮಿರಿಸಿತು. ಆಮೇಲೆ ತಿಳಿಯಿತು, ಜಟಕಾಕ್ಕೆ ಬರುವ ಮೊದಲು ಅದು ಮದುವೆ ಮೆರವಣಿಗೆಯ ಸಾರೋಟು ಎಳೆಯುತ್ತಿತ್ತಂತೆ. ಮುದಿ ಕುದುರೆ. ಹಳೆಯ ಕಸುಬು ನೆನಪಾಯಿತೆಂದು ಕಾಣುತ್ತದೆ. ಕತ್ತು ಬಿಲ್ಲಿನಂತೆ ಬಗ್ಗಿಸಿ, ಒಂದೊಂದೇ ಕಾಲು ಎತ್ತೆತ್ತಿ ಇಡುತ್ತಾ ನಮ್ಮಿಬ್ಬರನ್ನೂ ಹೊತ್ತು ಬ್ಯಾಂಡಿನ ಕಡೆಗೆ ನಡೆಯಿತು.

"ಅರೆ ಠೈರೋ! ಠೈರೋ!" ಎಂದು ಸಾಬರು ಹಿಂದೆ ಓಡಿದರು. ಓಡುತ್ತಲೇ ಮತ್ತೆ ಮತ್ತೆ ಒತ್ತಿದರು. ಸುರುಳಿ ಮುಂದಕ್ಕೆ ತಿರುಗಿಸದೆ ಒತ್ತಿದ್ದರಿಂದ ಎಲ್ಲವೂ ಒಂದರ ಮೇಲೊಂದು ಕೂತವು. ಆ ಚಿತ್ರದಲ್ಲಿ ನಾವಿಲ್ಲ. ಚಕ್ರಗಳ ರಾಶಿ ಇದೆ.

ಕುದುರೆ ನೇರವಾಗಿ ಮೆರವಣಿಗೆಯೊಳಗೆ ಹೊಕ್ಕು, ವಾದ್ಯದವರ ಹಿಂದೆ, ಮದುಮಕ್ಕಳ ಮೋಟಾರಿನ ಮುಂದೆ, ತನ್ನ ಹಕ್ಕಿನ ಜಾಗದಲ್ಲಿ ಸೇರಿಕೊಂಡಿತು. ತಮಿಳು ಮಾತಾಡುವ ಮದುವೆಮನೆ. ನಮ್ಮನ್ನು ಗಂಡಿನ ಕಡೆಯವರೆಂದು ಹೆಣ್ಣಿನ ಕಡೆಯವರು ತಿಳಿದರು, ಹೆಣ್ಣಿನ ಕಡೆಯವರೆಂದು ಗಂಡಿನ ಕಡೆಯವರು ತಿಳಿದರು. ಒಬ್ಬರು ಪನ್ನೀರು ಚಿಮುಕಿಸಿದರು. ಇನ್ನೊಬ್ಬರು ನನ್ನ ಕೊರಳಿಗೆ ಹಾರ ಹಾಕಿ, "ವಾಂಗೋ, ವಾಂಗೋ" ಎಂದರು. ಬಿಸಿಲಲ್ಲಿ ಬೆಂದಿದ್ದೆ, ಹಾರ ತಂಪಾಗಿತ್ತು, ಸುಮ್ಮನಿದ್ದೆ.

ಛತ್ರದ ಬಾಗಿಲಲ್ಲಿ ಮದುವೆಯ ಫೋಟೋದವನು ಮೂರು ಕಾಲಿನ ದೊಡ್ಡ ಕ್ಯಾಮರಾ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ್ದ. "ವಂಡಿಯಲ್ಲಿರೋ ದಂಪತಿ, ಸ್ವಲ್ಪ ನಗಿ!" ಎಂದ. ನನ್ನಾಕೆ, ಪಾಪ, ನಕ್ಕಳು. ಅಷ್ಟು ಚೆನ್ನಾಗಿ ಅವಳು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಫಕ್ಕನೆ ಬೆಳಕು ಹೊಳೆಯಿತು. ಆಯಿತು. ನಾವಿಬ್ಬರೂ ಜೊತೆಗಿರುವ, ಹಾರ ಹಾಕಿದ, ನಗುವ ಫೋಟೋ. ಆದರೆ ಯಾರದೋ ಮನೆಯದು. ಅದನ್ನು ಕೇಳೋಣವೆನ್ನುವಷ್ಟರಲ್ಲಿ ಸಾಬರು ಏದುಸಿರು ಬಿಡುತ್ತಾ ಬಂದು, ನಾವು ಯಾರೆಂಬುದನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದರು. ಹಾಕಿದ ಹಾರವನ್ನು ಮರಳಿ ತೆಗೆಯುವುದನ್ನು ನಾನು ಕಂಡದ್ದು ಅದೊಂದೇ ಸಲ.

ಹಲಸೂರಿನ ಹಾದಿಯುದ್ದಕ್ಕೂ ನನ್ನಾಕೆ ಸೆರಗಿನ ಪನ್ನೀರು ಒರೆಸಿಕೊಳ್ಳುತ್ತಿದ್ದಳು. ಕೊನೆಗೆ ನಿಟ್ಟುಸಿರಿಟ್ಟು ಹೇಳಿದಳು: "ಆ ಮನೆಗೇ ಸೊಸೆಯಾಗಿ ಹೋಗಿದ್ದರೆ ಆಗ್ತಿತ್ತು. ಗೋಡೆಗಾದರೂ ಹತ್ತುತ್ತಿದ್ದೆ."

ಒಂಟಿಕಣ್ಣಿಗೆ ಬೊಟ್ಟು

ನನ್ನಾಕೆಯ ಅಕ್ಕ, ಎಂದರೆ ನನ್ನ ಅತ್ತಿಗೆ, ಕಥೆಯೆಲ್ಲ ಕೇಳಿ ಗಲ್ಲದ ಮೇಲೆ ಬೆರಳಿಟ್ಟುಕೊಂಡರು. ಅವರ ಗಂಡ ನನ್ನ ಷಡ್ಡಕ. ಅವರನ್ನು ನಾನು ಭಾವ ಅನ್ನುತ್ತೇನೆ. ಮರ್ಫಿ ಟೌನಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಅವರು ಕ್ಯಾಮರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: "ಇದಕ್ಕೆ ಪೂಜೆ ಆಗಿದೆಯಾ?"

"ಇಲ್ಲ ಭಾವ."

"ಮತ್ತೆ! ನಮ್ಮಲ್ಲಿ ಹೊಸ ಮಿಷನ್ ಬಂದ್ರೆ ಪೂಜೆ ಆಗದೆ ಒಂದು ಸುತ್ತೂ ತಿರುಗಿಸಲ್ಲ. ನೀನು ಪೂಜೆ ಇಲ್ದೆ ರೈಲಿಗೆ ಹಿಡಿದೆ, ಕುದುರೆಗೆ ಹಿಡಿದೆ. ಓಡದೆ ಇನ್ನೇನು ಮಾಡುತ್ತೆ ಗುರು?"

ಮರುದಿನ ನಾನು ಏಳುವಷ್ಟರಲ್ಲಿ ಅತ್ತಿಗೆ ಪೂಜೆ ಮುಗಿಸಿದ್ದರು. ಕ್ಯಾಮರಾದ ತಲೆಯ ಮೇಲೆ ಒಂದು ಸೇವಂತಿಗೆ. ಮುಂದೆ ಕುಯ್ದ ನಿಂಬೆಹಣ್ಣು. ಕೈ ಮುಗಿದು ಎತ್ತಿಕೊಂಡು ನಾವಿಬ್ಬರೂ ಹೊರಟೆವು. ಅವತ್ತು ನಾನು ನಡೆಸಿದ ನಡಿಗೆಯನ್ನು ನನ್ನಾಕೆಯ ಚಪ್ಪಲಿ ತಡೆಯಲಿಲ್ಲ. ಒಂದರ ಉಂಗುಟ ಕಿತ್ತು, ಪಿನ್ನು ಹಾಕಿಕೊಂಡು ಎಳೆಯುತ್ತಾ ಬಂದಳು. ಮಾರ್ಕೆಟ್ಟಿನ ಮುಂದೆ ಅವಳನ್ನು ನಿಲ್ಲಿಸಿ ಒಂದು ತೆಗೆದೆ. ಮರದ ಕೆಳಗೆ ಒಂದು ತೆಗೆದೆ. ನಾನಿಲ್ಲದಿದ್ದರೂ ಅವಳೊಬ್ಬಳದಾದರೂ ಇರಲಿ ಎಂಬ ಉದಾರ ಬುದ್ಧಿ. ಒಂದಕ್ಕಿಂತ ಒಂದು ಅದ್ಭುತ. ತಲೆ ಬಗ್ಗಿಸಿ ಆ ಪುಟ್ಟ ಗಾಜಿನೊಳಗೆ ನೋಡಿದರೆ ರಾಣಿಯ ಹಾಗೆ ಕಾಣುತ್ತಿದ್ದಳು, ಸುಸ್ತಾದ ರಾಣಿ.

ಬೆನ್ಸನ್ ಟೌನಿನಲ್ಲಿ ಒಂದು ಬಂಗಲೆಯ ಕಾಂಪೌಂಡಿನ ಮೇಲೆ ಹೂವಿನ ಬಳ್ಳಿ ಹಬ್ಬಿತ್ತು. ಅಲ್ಲೂ ಒಂದು ತೆಗೆದೆ. ಬಂಗಲೆಯ ಗೇಟಿನಲ್ಲಿ ಗೌನು ತೊಟ್ಟ ಮುದುಕಿ ನಿಂತು ನೋಡುತ್ತಿದ್ದರು. ನನ್ನ ಗತ್ತು ನೋಡಿ ಮೆಚ್ಚಿರಬೇಕೆಂದು ನಾನು ಟೋಪಿ ಎತ್ತಿದೆ. ಆಕೆ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಕ್ಯಾಮರಾದ ಮುಖವನ್ನೇ ದಿಟ್ಟಿಸಿ, ತಮಗೆ ಬರುವ ಕನ್ನಡದಲ್ಲಿ ಕೇಳಿದರು:

"ನಿಮ್ದು ಕ್ಯಾಮರಾಗೆ ಮದುವೆ ಆಗಿದೆ?"

ತಿರುಗಿಸಿ ನೋಡಿದೆ. ಚಿತ್ರ ತೆಗೆಯುವ ಗಾಜು ಮುಂದಿದೆ. ನಾನು ನೋಡುವ ಗಾಜು ಮೇಲಿದೆ. ಬೆಳಗಿನಿಂದ ನಾನು ಮೇಲಿನಿಂದಲೇ ನೋಡುತ್ತಿದ್ದೆ. ಮುಂದಿನ ಗಾಜಿನ ನಟ್ಟನಡುವೆ, ಹಣೆಯಲ್ಲಿರುವಂತೆ, ಎಣ್ಣೆಯಲ್ಲಿ ಕಲಸಿದ ಕಾಸಿನಗಲದ ಕುಂಕುಮ.

ಕಾಲೆಳೆದುಕೊಂಡು ಮನೆಗೆ ಬಂದು ಅತ್ತಿಗೆಯನ್ನು ಕೇಳಿದೆ. ಅವರಿಗೆ ಒಂಚೂರೂ ಪಶ್ಚಾತ್ತಾಪವಿಲ್ಲ.

"ಹಣೆ ಎಲ್ಲಿದೆ ಅಂತ ಹುಡುಕಿದೆ. ಸಿಗಲಿಲ್ಲ. ಒಂದೇ ಕಣ್ಣಿತ್ತು. ಅದಕ್ಕೇ ಇಟ್ಟೆ. ಇಡದೆ ಕಳಿಸಿದ್ರೆ ನಾಳೆ ನೀವೇ ಅಂತಿದ್ರಿ, ಅತ್ತಿಗೆ ಮನೇಲಿ ಕುಂಕುಮಕ್ಕೂ ಗತಿ ಇರಲಿಲ್ಲ ಅಂತ."

ಮೂವರು ನಿಲ್ಲಬಾರದು

ಕುಂಕುಮ ಒರೆಸಿ, ಗಾಜು ತೊಳೆದು, ಮಾರನೆಯ ದಿನ ಹಲಸೂರು ಕೆರೆಯ ಏರಿಗೆ ಹೋದೆವು. ನಾನೂ ನನ್ನಾಕೆಯೂ ನಿಲ್ಲುವುದು, ಭಾವ ಒತ್ತುವುದು. ಇಷ್ಟು ಸರಳ. ಭಾವನಿಗೆ ಹಿಡಿಯುವುದನ್ನು ಕಲಿಸಿದೆ. ಫಿಟ್ಟರು ನೋಡಿ, ಬೇಗ ಕಲಿತರು.

"ಗಂಡ ಹೆಂಡತಿ ಇಬ್ಬರೇ, ಬೀದೀಲಿ, ಅಂಟಿಕೊಂಡು ನಿಲ್ಲೋದಾ?" ಎಂದರು ಅತ್ತಿಗೆ. "ನೋಡಿದವರು ಏನಂದಾರು? ನಾನೂ ಜೊತೆಗೆ ನಿಲ್ತೀನಿ."

ನಿಂತರು. ನಿಂತ ಮರುಕ್ಷಣವೇ ಹಾವು ತುಳಿದವರಂತೆ ಪಕ್ಕಕ್ಕೆ ಹಾರಿದರು. "ಅಯ್ಯೋ! ಮೂರು ಜನ ಆದ್ವಿ! ಮೂರು ಜನ ಫೋಟೋ ತೆಗೆಸಿಕೊಂಡ್ರೆ ನಡುವೆ ನಿಂತವರು ವರ್ಷದೊಳಗೆ ಹೋಗಿಬಿಡ್ತಾರೆ!"

"ನೀವು ಈ ಪಕ್ಕಕ್ಕೆ ಬನ್ನಿ ಅತ್ತಿಗೆ."

"ನಾನು ಪಕ್ಕಕ್ಕೆ ಬಂದ್ರೆ ನೀವು ನಡುವೆ ಆಗ್ತೀರಿ."

ನಾನು ಸರಿದೆ. ಸತ್ಯ ಹೇಳುತ್ತೇನೆ, ಸ್ವಲ್ಪ ವೇಗವಾಗಿಯೇ ಸರಿದೆ. ಈಗ ನನ್ನಾಕೆ ನಡುವೆ ಬಂದಳು. "ನನ್ನನ್ನು ಕಳಿಸೋಕೆ ಎಷ್ಟು ಅವಸರ ನಿಮಗೆ!" ಎಂದು ಅವಳು ಆಚೆಗೆ ಹೋದಳು. ಮತ್ತೆ ಅತ್ತಿಗೆ ನಡುವೆ. ಹೀಗೆ ಮೂವರೂ ರಾಗಿಕಲ್ಲಿನಂತೆ ಸುತ್ತತೊಡಗಿದೆವು.

ತಲೆ ಬಗ್ಗಿಸಿ ಕಾದು ಕಾದು ಭಾವನ ಕುತ್ತಿಗೆ ಹಿಡಿದುಕೊಂಡಿತು. "ಗುರು, ನಿಮ್ಮ ಕೋಲಾಟ ಮುಗಿದ ಮೇಲೆ ಒಂದು ಮಾತು ಹೇಳಿ."

ನಾಲ್ಕನೆಯವರು ಬೇಕಾಯಿತು. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು. ಅತ್ತಿಗೆ ಕೈ ಹಿಡಿದು ಎಳೆದರು.

"ನಿಲ್ತೀನಿ ಸಾಮಿ," ಎಂದಳು ಅವಳು ತನ್ನ ತಮಿಳುಗನ್ನಡದಲ್ಲಿ. "ಆನಾ ನನ್ನ ಓರಗಿತ್ತಿ ಬಿಟ್ಟು ನಾನೊಬ್ಬಳೇ ನಿಂತ್ರೆ ಮನೇಲಿ ಸಂಡೈ, ಜಗಳ ಆಗುತ್ತೆ."

ಓರಗಿತ್ತಿಯನ್ನು ಕರೆದರು. ಐದಾಯಿತು. ಐದರಲ್ಲೂ ನಡುವಿನವರು ಇರುತ್ತಾರಲ್ಲ ಎಂದು ಓರಗಿತ್ತಿಗೆ ಹೊಳೆಯಿತು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಗಸರನ್ನು ಕರೆದರು. ಒಬ್ಬನನ್ನು ಕರೆದರೆ ಇಬ್ಬರು ಬಂದರು. ಮತ್ತೆ ಬೆಸ. ಆಮೇಲೆ ಕೋಲೂರಿಕೊಂಡು ಹೋಗುತ್ತಿದ್ದ ಒಬ್ಬ ತಾತ, "ಹೇಗೂ ಹೋಗೋನು ನಾನು, ನನ್ನ ನಡುವೆ ನಿಲ್ಲಿಸಿ," ಎಂದು ಧರ್ಮಾತ್ಮನಂತೆ ಮುಂದೆ ಬಂದ. ಆ ಮಾತಿಗೆ ಎಲ್ಲರಿಗೂ ಕರುಳು ಚುರ್ ಎಂದು, ಅವನು ಸೇರಿ ಲೆಕ್ಕ ಸರಿಯಾದದ್ದನ್ನೂ ಮರೆತು, ತಾತ ಸಾಯಬಾರದೆಂದು ಇನ್ನೂ ನಾಲ್ಕು ಜನರನ್ನು ಸೇರಿಸಿದರು. ಭಾವ ಹಿಂದೆ ಹಿಂದೆ ಹೋಗುತ್ತಾ ಕೆರೆಯ ನೀರಿಗೆ ಪಾದ ಇಟ್ಟಿದ್ದರು.

"ಒತ್ತಿದೆ!" ಎಂದು ಕೂಗಿದಾಗ ನಾನು ಹುಡುಕಿದೆ. ನನ್ನಾಕೆ ಗಿಡ್ಡ. ಸೊಪ್ಪಿನ ಬುಟ್ಟಿಯ ಹಿಂದೆ ಅವಳ ತುರುಬಿನ ಹೂ ಮಾತ್ರ ಕಾಣುತ್ತಿತ್ತು.

ದಾರಿಯಲ್ಲಿ ಅವಳು ಹೇಳಿದಳು: "ಊರಲ್ಲಿರೋರೆಲ್ಲ ಫೋಟೋದಲ್ಲಿದ್ದಾರೆ. ಇಲ್ಲದಿರೋಳು ನಾನೊಬ್ಬಳೇ. ಅಕ್ಕನ ಲೆಕ್ಕದಲ್ಲಿ ನಾನು ನೂರು ವರ್ಷ ಬದುಕ್ತೀನಿ. ಅಷ್ಟೂ ವರ್ಷ ಆ ಗೋಡೆ ನೋಡ್ಕೊಂಡು."

ಉಳಿದದ್ದೊಂದು

ಕೊನೆಯ ದಿನ ಬೆಳಗ್ಗೆ ಕ್ಯಾಮರಾದ ಹಿಂದಿನ ಕೆಂಪು ಕಿಂಡಿಯಲ್ಲಿ ಕೊನೆಯ ಅಂಕಿ ನಿಂತಿತ್ತು. ನಮಗೆ ರೈಲಿಗೆ ಹೊತ್ತಾಗುತ್ತಿತ್ತು. ನನ್ನಾಕೆ ಗಂಟು ಮೂಟೆ ಕಟ್ಟಿಟ್ಟು, "ಇನ್ನು ಸಾಕು. ಕಾಲು ಸೋತಿದೆ, ಮನಸ್ಸೂ ಸೋತಿದೆ. ದೇವರಿಗೆ ಕೈ ಮುಗಿದು ಹೋಗೋಣ," ಎಂದಳು. ಸೋಮೇಶ್ವರನ ಗುಡಿಗೆ ಹೋದೆವು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಾಗ ಅಂಗಳ ಖಾಲಿಯಿತ್ತು. ಆಗತಾನೇ ನೀರು ಹಾಕಿ ತೊಳೆದ ಚಪ್ಪಡಿ ಕಲ್ಲು. ಎಳೆ ಬಿಸಿಲು. ಅತ್ತಿಗೆ ಹಣ್ಣುಕಾಯಿ ಮಾಡಿಸಲು ಒಳಗೆ ಹೋಗಿದ್ದರು. ಸೊಪ್ಪಿನವಳಿಲ್ಲ, ಕುದುರೆಯಿಲ್ಲ, ಸ್ಟೇಷನ್ ಮಾಸ್ತರಿಲ್ಲ. ನಾವಿಬ್ಬರು, ಎದುರಿಗೆ ಭಾವ.

"ನಿಂತ್ಕೊಳ್ಳಿ ಬೇಗ," ಎಂದರು ಭಾವ, ಪಿಸುಮಾತಿನಲ್ಲಿ. ಬೇಟೆಯಲ್ಲಿ ಮಾತಾಡುವ ಹಾಗೆ.

ನಿಂತೆವು. ನಾನು ಎದೆ ಉಬ್ಬಿಸಿ ಮೀಸೆ ತೀಡಿದೆ. ನನ್ನಾಕೆ ಸೆರಗು ಸರಿಮಾಡಿಕೊಂಡು, ಮೊನ್ನೆ ಮದುವೆಮನೆಯಲ್ಲಿ ನಕ್ಕಿದ್ದಳಲ್ಲ, ಹಾಗೇ ನಕ್ಕಳು. ಭಾವ ಕ್ಯಾಮರಾ ಸರಿಯಾಗಿ ಹಿಡಿದರು. ಉಸಿರು ಬಿಗಿಹಿಡಿದರು. ಬೆರಳು ಒತ್ತುವ ಜಾಗಕ್ಕೆ ಹೋಯಿತು.

ಢಣ್ ಢಣ್ ಢಣ್ ಎಂದು ಒಳಗೆ ಮಂಗಳಾರತಿಯ ಗಂಟೆ ಬಾರಿಸಿತು.

ಹುಟ್ಟಿದಾಗಿನಿಂದ ಆ ಗಂಟೆ ಕೇಳಿ ಬೆಳೆದ ಮನುಷ್ಯ. ಅವರ ಎರಡು ಕೈಗಳೂ ತಾವಾಗಿಯೇ ಜೋಡಿಸಿಕೊಂಡವು. ನಡುವೆ ಕ್ಯಾಮರಾ ಇತ್ತು. ಕೈ ಮುಗಿದು, ಕಣ್ಣು ಮುಚ್ಚಿ, ಸೊಂಟದಿಂದ ಬಗ್ಗಿದರು. ಆ ಬಗ್ಗುವಿಕೆಯಲ್ಲಿ ಟಕ್ ಎಂದಿತು.

"ಭಾವಾ!" ಎಂದು ನಾನು ಕಿರುಚಿದೆ.

"ಏನಪ್ಪಾ? ಮಂಗಳಾರತಿ ಆಗ್ತಿದ್ರೆ ಕೈ ಮುಗೀಬೇಡ ಅಂತೀಯಾ?" ಎಂದರು, ಇನ್ನೂ ಕಣ್ಣು ಮುಚ್ಚಿಕೊಂಡೇ.

ಸುರುಳಿಯನ್ನು ತೊಳೆಸಲು ಭಾವನ ಕೈಗೇ ಕೊಟ್ಟು ರೈಲು ಹತ್ತಿದೆವು. ನನಗೆ ಕ್ಯಾಮರಾದ ಪಟ್ಟಿ ಉಜ್ಜಿ ಕುತ್ತಿಗೆ ಕೆಂಪಾಗಿತ್ತು. ನನ್ನಾಕೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. "ಹೋಗ್ಲಿ ಬಿಡಿ, ಗೋಡೆ ಏನು ಸ್ವರ್ಗವಾ?" ಎಂದಳು. ನನ್ನ ಕಡೆ ತಿರುಗಲಿಲ್ಲ. ಮಾತಿನಲ್ಲಿ ಲೋಕ ಗೆದ್ದವನು ನಾನು. ಅವತ್ತು ಕ್ಯಾಮರಾವನ್ನು ಕೊರಳಿಂದ ತೆಗೆದು ಸೀಟಿನ ಕೆಳಗೆ ತಳ್ಳಿದೆ.

ಕೆಲವು ವಾರ ಕಳೆದು ಭಾವ ಮಾಲೂರಿಗೆ ಬಂದರು. ಕಂಕುಳಲ್ಲಿ ಕಾಗದ ಸುತ್ತಿದ ದೊಡ್ಡ ಚೌಕಟ್ಟು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅಮ್ಮ ಅದನ್ನು ಬಿಚ್ಚಿಯಾಗಿತ್ತು. ಬಿಚ್ಚಿದವಳು ಹಾಗೇ ನೆಲಕ್ಕೆ ಕೂತು ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಅಯ್ಯೋ ನನ್ನಪ್ಪಾ! ಜೋಡಿ ಪಾದ!"

ಇಣುಕಿ ನೋಡಿದೆ. ತೊಳೆದ ಚಪ್ಪಡಿ ಕಲ್ಲಿನ ಮೇಲೆ ನಾಲ್ಕು ಬರಿಗಾಲು. ಎರಡು ನನ್ನವು. ಎರಡು ಕಾಲುಂಗುರ ಹಾಕಿದ್ದವು. ನಡುವೆ ನನ್ನಾಕೆಯ ತುರುಬಿನಿಂದ ಉದುರಿದ ಒಂದು ಮಲ್ಲಿಗೆ. ಮಿಕ್ಕ ಏಳರಲ್ಲಿ ಹೊಗೆ, ಚಕ್ರ, ಕುಂಕುಮದ ಮಸುಕು, ಜನರ ಗುಂಪು ಬಿಟ್ಟರೆ ಏನೂ ಇಲ್ಲದ್ದರಿಂದ ಸ್ಟುಡಿಯೋದವರು ಇದೊಂದನ್ನೇ ನೋಡಿ, ಯಾರೋ ಮಹಾತ್ಮರ ಪಾದವೆಂದು ಭಕ್ತಿಯಿಂದ ದೊಡ್ಡದು ಮಾಡಿ, ಚೌಕಟ್ಟು ಕಟ್ಟಿ, ಚೌಕಟ್ಟಿಗೆ ಗಂಧವನ್ನೂ ಹಚ್ಚಿ ಕೊಟ್ಟಿದ್ದರು.

ಭಾವ ಬಾಯಿ ತೆರೆದರು. "ಅದು ಪಾದ ಅಲ್ಲ, ಇವರ..."

"ಭಾವ, ಕಾಫಿ!" ಎಂದು ನನ್ನಾಕೆ ಕುದಿಯುವ ಲೋಟವನ್ನು ಅವರ ತುಟಿಗೇ ಹಿಡಿದಳು. ಆಮೇಲೆ ಅವರು ಸಂಜೆಯವರೆಗೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಅಮ್ಮ ಪೆಟ್ಟಿಗೆ ತೆಗೆದು ತಾನೇ ಮೊಳೆ ಕೊಟ್ಟಳು. ಎತ್ತನ್ನು ಇಳಿಸಿ, ಅಪ್ಪನನ್ನು ಪಕ್ಕಕ್ಕೆ ಸರಿಸಿ, ಎಲ್ಲಕ್ಕಿಂತ ಮೇಲೆ ತೂಗುಹಾಕಿಸಿದಳು. ಬೆಳಗ್ಗೆ ಸಂಜೆ ದೀಪ. ಹೂವು. ಉದ್ದಂಡ ನಮಸ್ಕಾರ. ಬೀದಿಯ ಹೆಂಗಸರೆಲ್ಲ ಬಂದು ಮಾಡಿದರು. ಮಂಡಿಯ ಸಾಹುಕಾರರೂ ಒಮ್ಮೆ ಬಂದು ಅಡ್ಡಬಿದ್ದರು. ಅಂಗಡಿಯಲ್ಲಿ ನನ್ನನ್ನು ನಿಲ್ಲಿಸಿಕೊಂಡು ಬೈಯುವ ಸಾಹುಕಾರರು, ನನ್ನ ಕಾಲಿಗೆ! ಅವತ್ತು ನಾನು ಎರಡು ತುತ್ತು ಹೆಚ್ಚು ಉಂಡೆ.

"ದೇವಿಯ ಕಾಲು ನೋಡು," ಎಂದು ಅಮ್ಮ ಬಂದವರಿಗೆ ವಿವರಿಸುತ್ತಿದ್ದಳು. "ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಗಂಡನನ್ನು ಆಳೋ ಕಾಲು. ಯಜಮಾನಿ ಅಂದರೆ ಹಾಗಿರಬೇಕು." ಆಮೇಲೆ ಸೊಸೆಯ ಕಡೆ ತಿರುಗಿ, "ನೀನೇನು ಕಂಬದ ಹಾಗೆ ನಿಂತಿದ್ದೀಯೆ? ನಮಸ್ಕಾರ ಮಾಡು," ಎನ್ನುವಳು. ನನ್ನಾಕೆ ಸೀರೆಯ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡು, ತನ್ನ ಕಾಲಿಗೆ ತಾನೇ ಕೈ ಮುಗಿಯುವಳು.

ಒಂದು ದಿನ ನನ್ನಾಕೆ ಬಾವಿಯ ಹತ್ತಿರ ಜಾರಿ ಕಾಲು ಉಳುಕಿಸಿಕೊಂಡಳು. ಅಮ್ಮನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು. ಹರಳೆಣ್ಣೆ ಬಿಸಿ ಮಾಡಿ ತಂದು, ಪಡಸಾಲೆಯಲ್ಲಿ ಕೂತು, ಸೊಸೆಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ನೀವತೊಡಗಿದಳು. ನೀವುತ್ತಾ ನೀವುತ್ತಾ ಕೈ ನಿಂತಿತು. ಬೆರಳನ್ನು ನೋಡಿದಳು. ಕಾಲುಂಗುರವನ್ನು ತಿರುಗಿಸಿ ನೋಡಿದಳು. ಕತ್ತೆತ್ತಿ ಗೋಡೆಯನ್ನು ನೋಡಿದಳು. ಮತ್ತೆ ಬೆರಳು. ಮತ್ತೆ ಗೋಡೆ.

ನಾನು ಮೆಲ್ಲನೆ ಬಾಗಿಲ ಕಡೆ ಸರಿದೆ. ನನ್ನಾಕೆ ಕಣ್ಣು ಮುಚ್ಚಿಕೊಂಡಳು. ಇವತ್ತಿಗೆ ಫೋಟೋ ಇಳಿಯಿತು, ನಾಳೆ ತವರಿನ ದಾರಿ ಎಂದು ಅವಳ ಮುಖದಲ್ಲೇ ಬರೆದಿತ್ತು.

ಅಮ್ಮ ಮತ್ತಷ್ಟು ಎಣ್ಣೆ ಹಾಕಿಕೊಂಡು, ಮೊದಲಿಗಿಂತ ಮೆತ್ತಗೆ ನೀವಿದಳು. ನೀವಿ ಮುಗಿಸಿ, ಕೈ ಒರೆಸಿಕೊಂಡು, ದೀಪದ ಹೊತ್ತಾಯಿತೆಂದು ಎದ್ದು, ಎಂದಿನಂತೆ ಫೋಟೋದ ಮುಂದೆ ದೀಪ ಹಚ್ಚಿದಳು. ಹೂವನ್ನು ಮಾತ್ರ ಈ ಸಲ ಕಾಲುಂಗುರವಿರುವ ಪಾದದ ಕಡೆಗೆ ಸರಿಸಿ ಇಟ್ಟಳು.

"ನೋಡಮ್ಮಾ," ಎಂದಳು ಸೊಸೆಗೆ, ಬೆನ್ನು ತಿರುಗಿಸಿಕೊಂಡೇ. "ದೇವಿ ಮನೆಗೆ ಬಂದಿದ್ದಾಳೆ. ಇರಲಿ. ಇಳಿಸೋದು ಬೇಡ. ಆ ಪಕ್ಕದ ಜೊತೆ ಕಾಲು ಮಾತ್ರ ಯಾವ ದೇವರದ್ದೋ ಕಾಣೆ. ಹೆಬ್ಬೆರಳು ನೋಡಿದರೆ ಯಾವನೋ ದವಸದ ಮಂಡಿಯ ಗುಮಾಸ್ತನ ಹಾಗಿದೆ."

ಇಷ್ಟೂ ಸತ್ಯ. ಒಂದೇ ಒಂದು ಸಣ್ಣ ವಿವರವನ್ನು ಮಾತ್ರ ನಾನು ಕಟ್ಟಿ ಹೇಳಿದ್ದೇನೆ, ಒಪ್ಪಿಕೊಳ್ಳುತ್ತೇನೆ. ನನ್ನ ಹೆಬ್ಬೆರಳನ್ನು ಅಮ್ಮ ಹೋಲಿಸಿದ್ದು ಗುಮಾಸ್ತನಿಗಲ್ಲ. ಹೋಲಿಸಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ನನ್ನಾಕೆ ಬಿದ್ದು ಬಿದ್ದು ನಕ್ಕಳು ಎಂಬುದು ಮಾತ್ರ ನಿಜ.